ರ‍್ಯಾಂಡಿಯನ್ನು ಕೈಬಿಟ್ಟವರು ಯಾರು? ‘ದಿ ವೈರ್’ ಕುರಿತು ಒಂದು ವಾದ



ಇವತ್ತು ನಾನು ಎಂಟನೇ ತರಗತಿಯ ಒಬ್ಬ ಹುಡುಗನ ಪರವಾಗಿ ವಾದ ಮಾಡಲು ನಿಂತಿದ್ದೇನೆ. ಅವನ ಹೆಸರು ರ‍್ಯಾಂಡಿ ವ್ಯಾಗ್‌ಸ್ಟಾಫ್. ಊರು ಅಮೆರಿಕದ ಬಾಲ್ಟಿಮೋರ್. ‘ದಿ ವೈರ್’ ಎಂಬ ಟೆಲಿವಿಷನ್ ಸರಣಿಯ ನಾಲ್ಕನೇ ಸೀಸನ್ನಿನಲ್ಲಿ ಬರುವ ಪಾತ್ರ. ಕಲ್ಪಿತ ಪಾತ್ರವೇ, ನಿಜ. ಆದರೆ ಕರ್ಣನೂ ಅಶ್ವತ್ಥಾಮನೂ ನಮಗೆ ಎಷ್ಟು ನಿಜವೋ ಈ ಹುಡುಗನೂ ನನಗೆ ಅಷ್ಟೇ ನಿಜ. ಅವನಿಗೆ ಆದದ್ದಕ್ಕೆ ಹೊಣೆ ಯಾರು ಎಂಬುದೊಂದೇ ನನ್ನ ವಿಷಯ.

ಸರಣಿಯ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಮುಗಿಸುತ್ತೇನೆ. 2002ರ ಜೂನ್‌ನಿಂದ 2008ರ ಮಾರ್ಚ್‌ವರೆಗೆ ಎಚ್‌ಬಿಒ ವಾಹಿನಿಯಲ್ಲಿ ಐದು ಸೀಸನ್, ಒಟ್ಟು 60 ಕಂತು. ರೂಪಿಸಿದವರು ಡೇವಿಡ್ ಸೈಮನ್. ‘ಬಾಲ್ಟಿಮೋರ್ ಸನ್’ ಪತ್ರಿಕೆಯಲ್ಲಿ ಪೊಲೀಸ್ ಸುದ್ದಿಯ ವರದಿಗಾರರಾಗಿದ್ದವರು. ಅವರ ಜೊತೆಗಾರ ಎಡ್ ಬರ್ನ್ಸ್ ಅದೇ ಊರಿನ ಪೊಲೀಸ್ ಪತ್ತೇದಾರರಾಗಿದ್ದು, ಆಮೇಲೆ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾದವರು. ಮೊದಲ ಸೀಸನ್ ಡ್ರಗ್ಸ್ ದಂಧೆ ಮತ್ತು ಅದರ ಬೆನ್ನು ಹತ್ತಿದ ಪೊಲೀಸರದ್ದು. ಎರಡನೆಯದು ಬಂದರಿನ ಕಾರ್ಮಿಕರದ್ದು, ಮೂರನೆಯದು ರಾಜಕಾರಣದ್ದು, ನಾಲ್ಕನೆಯದು ಶಾಲೆಯದ್ದು, ಐದನೆಯದು ಪತ್ರಿಕೆಯದ್ದು. ಚರಿತ್ರೆ ಇಷ್ಟು ಸಾಕು.

ಈಗ ಜಗಳಕ್ಕೆ ಬರೋಣ. ತಾನು ಬರೆದದ್ದು ಗ್ರೀಕ್ ದುರಂತದ ದಾರಿಯಲ್ಲಿದೆ ಎಂದು ಸೈಮನ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಈಸ್ಕಿಲಸ್, ಸಾಫೊಕ್ಲೀಸ್, ಯೂರಿಪಿಡೀಸರ ನಾಟಕಗಳಲ್ಲಿ ಒಲಿಂಪಸ್ ಬೆಟ್ಟದ ದೇವತೆಗಳು ಮನುಷ್ಯರ ಮೇಲೆ ಸಿಡಿಲು ಎಸೆಯುತ್ತಿದ್ದರು. ಈ ಕಾಲದಲ್ಲಿ ಆ ಜಾಗಕ್ಕೆ ಪೊಲೀಸ್ ಇಲಾಖೆ, ಡ್ರಗ್ಸ್ ದಂಧೆ, ಶಾಲಾ ಆಡಳಿತ, ಬಂಡವಾಳ ಬಂದು ಕೂತಿವೆ ಎಂಬುದು ಅವರ ಮಾತಿನ ಸಾರ. ಇದನ್ನು ಒಪ್ಪದವರೂ ಇದ್ದಾರೆ. ಸಿನಿಮಾ ವಿದ್ವಾಂಸೆ ಲಿಂಡಾ ವಿಲಿಯಮ್ಸ್ 2014ರಲ್ಲಿ ಈ ಸರಣಿಯ ಮೇಲೊಂದು ಪುಸ್ತಕ ಬರೆದು, ಇದು ದುರಂತವಲ್ಲ, ಮೆಲೋಡ್ರಾಮಾ ಎಂದರು. ಮೆಲೋಡ್ರಾಮಾ ಅವರಿಗೆ ಬೈಗುಳವಲ್ಲ. ನೊಂದವರಿಗೆ ನ್ಯಾಯ ಬೇಡುವ ಪ್ರಕಾರ. ಫ್ರೆಡ್ರಿಕ್ ಜೇಮ್ಸನ್ ಇನ್ನೊಂದು ಬದಿಯಿಂದ ಬಂದು, ಕತ್ತಲು ತುಂಬಿದ ಈ ಕಥೆಯೊಳಗೆ ಬೇರೊಂದು ಸಮಾಜದ ಕನಸೂ ಇದೆ ಎಂದು 2010ರಲ್ಲಿ ವಾದಿಸಿದರು.

ನಾನು ಸೈಮನ್ನರ ಸರಣಿಯನ್ನು ಒಪ್ಪುತ್ತೇನೆ, ಸೈಮನ್ನರ ಸಿದ್ಧಾಂತವನ್ನು ಒಪ್ಪುವುದಿಲ್ಲ. ಸಂಸ್ಥೆಗಳನ್ನು ದೇವತೆಗಳ ಪೀಠಕ್ಕೆ ಏರಿಸಿದ ಕೂಡಲೇ ಅವುಗಳೊಳಗೆ ಕೂತ ಮನುಷ್ಯರು ಕಣ್ಮರೆಯಾಗುತ್ತಾರೆ. ಸರಣಿಯಾದರೋ ಹಾಗೆ ಯಾರನ್ನೂ ಕಣ್ಮರೆಯಾಗಲು ಬಿಡುವುದಿಲ್ಲ. ಯಾವ ಕೋಣೆಯಲ್ಲಿ, ಯಾರ ಬಾಯಿಂದ, ಯಾವ ಹೊತ್ತಿನಲ್ಲಿ ಮಾತು ಹೊರಟಿತು ಎಂದು ಒಂದೊಂದನ್ನೂ ತೋರಿಸುತ್ತದೆ. ಅಲ್ಲಿ ಬೀಳುವ ಪ್ರತಿಯೊಬ್ಬನ ಹಿಂದೆಯೂ ಒಂದು ಸಹಿ ಇದೆ. ಆ ಸಹಿಗಳನ್ನು ಓದಬೇಕು ಎಂಬುದು ನನ್ನ ವಾದ.

ಈ ಓದಿನ ಕ್ರಮವನ್ನು ನನಗೆ ಕಲಿಸಿದ್ದು ಅಮೆರಿಕದ ಯಾವ ವಿಮರ್ಶಕರೂ ಅಲ್ಲ. ಬಿಎಂಶ್ರೀಯವರ ‘ಅಶ್ವತ್ಥಾಮನ್’ ಪಾಠ ಮಾಡಿದ ನಮ್ಮ ಕಾಲೇಜಿನ ಮೇಷ್ಟ್ರು. ಸಾಫೊಕ್ಲೀಸನ ‘ಅಜಾಕ್ಸ್’ ನಾಟಕವನ್ನು ನಮ್ಮ ಮಹಾಭಾರತದ ನೆಲಕ್ಕೆ ತಂದು ಬಿಎಂಶ್ರೀ ಕಟ್ಟಿದ ನಾಟಕ ಅದು ಎಂಬುದು ಈ ಸಭೆಗೆ ಹೊಸದೇನಲ್ಲ. ಮೂಲದ ಕಥೆಯಲ್ಲಿ ಅಥೀನಾ ದೇವತೆ ಅಜಾಕ್ಸನ ಬುದ್ಧಿಗೆ ಮಂಕು ಕವಿಸುತ್ತಾಳೆ. ಶತ್ರುಗಳೆಂದು ತಿಳಿದು ಅವನು ದನಕುರಿಗಳನ್ನು ಕಡಿದು ಹಾಕುತ್ತಾನೆ. ತಿಳಿದ ಮೇಲೆ ನಾಚಿ ಕತ್ತಿಯ ಮೇಲೆ ಬೀಳುತ್ತಾನೆ. ಎಲ್ಲವೂ ದೇವತೆಯ ಆಟ ಎಂದು ನಾವು ಬರೆದುಕೊಳ್ಳುತ್ತಿದ್ದೆವು. ಮೇಷ್ಟ್ರು ತಡೆದರು. ದೇವತೆ ಕೈ ಹಾಕುವ ಮೊದಲು ಏನು ನಡೆದಿತ್ತು ನೋಡಿ ಎಂದರು. ಸತ್ತ ಅಕಿಲೀಸನ ಆಯುಧಗಳು ಯಾರಿಗೆ ಸಲ್ಲಬೇಕೆಂದು ಗ್ರೀಕ್ ನಾಯಕರು ಕೂತು ತೀರ್ಮಾನಿಸಿದ್ದರು. ಅಜಾಕ್ಸನಿಗೆ ಸಿಗಬೇಕಾದದ್ದು ಒಡಿಸ್ಯೂಸನ ಪಾಲಾಗಿತ್ತು. ಮೊದಲು ಮನುಷ್ಯರ ತೀರ್ಪು, ಆಮೇಲೆ ದೇವತೆಯ ಮಂಕು. ಹಾಗೆಂದು ಹೇಳಿ ಅವರು ಕಪ್ಪುಹಲಗೆಯ ಮೇಲೆ ಕರ್ಣನ ಸಾವಿನ ಪಟ್ಟಿ ಬರೆದರು.

ಆ ಪಟ್ಟಿ ನಮ್ಮಲ್ಲಿ ಮನೆಮನೆಗೂ ಗೊತ್ತು. ಪರಶುರಾಮನ ಶಾಪ, ಬ್ರಾಹ್ಮಣನ ಶಾಪ, ಕವಚಕುಂಡಲ ಬೇಡಿದ ಇಂದ್ರ, ಮಾತು ಪಡೆದ ಕುಂತಿ, ರಥ ಬಿಟ್ಟುಹೋದ ಶಲ್ಯ, ಹುರಿದುಂಬಿಸಿದ ಕೃಷ್ಣ, ಕೊನೆಗೆ ಬಾಣ ಬಿಟ್ಟ ಅರ್ಜುನ. ಕರ್ಣ ವಿಧಿಯಿಂದ ಸತ್ತ ಎಂದು ಹೇಳಿ ಕೈತೊಳೆದುಕೊಳ್ಳಲು ನಮ್ಮ ಜನ ಒಪ್ಪಲಿಲ್ಲ, ಕೈಗಳನ್ನು ಎಣಿಸಿದರು ಎಂದು ಮೇಷ್ಟ್ರು ಹೇಳಿದ್ದು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ‘ದಿ ವೈರ್’ ನೋಡುವಾಗ ನಾನು ಮಾಡಿದ್ದು ಅದನ್ನೇ. ರ‍್ಯಾಂಡಿಯ ವಿಷಯದಲ್ಲಿ ಕೈಗಳನ್ನು ಎಣಿಸಿದೆ.

ರ‍್ಯಾಂಡಿ ಸಾಕುತಾಯಿಯ ಮನೆಯಲ್ಲಿ ಬೆಳೆಯುವ ಹುಡುಗ. ಮಿಠಾಯಿ, ತಿಂಡಿ ಮಾರಿ ನಾಲ್ಕು ಕಾಸು ಕೂಡಿಸುವ, ಮುಂದೊಂದು ಅಂಗಡಿ ಇಡುವ ಕನಸಿನ ಹುಡುಗ. ಯಾರೋ ಹೇಳಿದರೆಂದು ಲೆಕ್ಸ್ ಎಂಬವನಿಗೆ, ಇಂಥ ಜಾಗಕ್ಕೆ ಬಾ ಎಂಬ ಒಂದು ಸುದ್ದಿ ಮುಟ್ಟಿಸುತ್ತಾನೆ. ಲೆಕ್ಸ್ ಅಲ್ಲಿಗೆ ಹೋಗಿ ಕೊಲೆಯಾಗುತ್ತಾನೆ. ಹುಡುಗನಿಗೆ ಅದು ಆಮೇಲೆ ಹೊಳೆಯುತ್ತದೆ. ಮುಂದೊಂದು ದಿನ ಶಾಲೆಯಲ್ಲಿ ಬೇರೆ ತಕರಾರಿನಲ್ಲಿ ಸಿಕ್ಕಿಬೀಳುತ್ತಾನೆ. ಸಾಕುತಾಯಿಗೆ ತಿಳಿದರೆ ತನ್ನನ್ನು ಬಾಲಮಂದಿರಕ್ಕೆ ಕಳಿಸಿಬಿಡುತ್ತಾರೆಂಬ ಭಯ. ಆ ಭಯದಲ್ಲಿ, ನನಗೊಂದು ಕೊಲೆಯ ವಿಷಯ ಗೊತ್ತು ಎಂದು ಬಾಯಿ ಬಿಡುತ್ತಾನೆ.

ಇಲ್ಲಿಂದ ಎಣಿಸುತ್ತಾ ಹೋಗಿ. ಶಾಲೆಯ ಮೇಷ್ಟ್ರು ಪ್ರೆಜ್, ಹಿಂದೆ ಪೊಲೀಸನಾಗಿದ್ದವನು. ಹುಡುಗನಿಗೆ ಅಪಾಯವಾಗಬಾರದೆಂದು ತನ್ನ ಹಳೆಯ ಮೇಲಧಿಕಾರಿ ಡ್ಯಾನಿಯಲ್ಸ್ ಬಳಿಗೆ ಹೋಗುತ್ತಾನೆ. ಡ್ಯಾನಿಯಲ್ಸ್ ಒಳ್ಳೆಯವನು, ವಿಷಯವನ್ನು ಸಾರ್ಜೆಂಟ್ ಕಾರ್ವರ್‌ಗೆ ಒಪ್ಪಿಸುತ್ತಾನೆ. ಕಾರ್ವರ್ ಕೂಡ ಒಳ್ಳೆಯವನು. ಹಳೆಯ ಜೊತೆಗಾರನೆಂಬ ನಂಬಿಕೆಯಿಂದ ಹುಡುಗನನ್ನು ಹರ್ಕ್ ಕೈಗೆ ಒಪ್ಪಿಸುತ್ತಾನೆ. ಕೊಲೆ ತನಿಖೆಯ ಬಂಕ್‌ಗೆ ಮುಟ್ಟಬೇಕಾಗಿದ್ದ ವಿಷಯ ಸಕಾಲಕ್ಕೆ ಮುಟ್ಟುವುದೇ ಇಲ್ಲ. ಹರ್ಕ್‌ನ ತಲೆಯಲ್ಲಿ ಆಗ ಬೇರೆಯೇ ಚಿಂತೆ. ನಿಯಮ ಮೀರಿ ಬಳಸಿದ ಇಲಾಖೆಯ ಕ್ಯಾಮೆರಾವೊಂದು ಅವನ ಕೈತಪ್ಪಿ ಕಳುವಾಗಿದೆ. ಅದು ಸಿಗದಿದ್ದರೆ ಅವನ ಹುದ್ದೆಗೆ ಕುತ್ತು. ಸುದ್ದಿ ಮುಟ್ಟಿಸಲು ಹೇಳಿದ್ದ ಲಿಟಲ್ ಕೆವಿನ್‌ನನ್ನು ಹಿಡಿದು ಕೂರಿಸಿ ಪ್ರಶ್ನಿಸುವಾಗ, ಬಾಯಿಬಿಟ್ಟ ಹುಡುಗ ಯಾರೆಂಬುದನ್ನು ಹರ್ಕ್ ಹೊರಗೆಡವಿಬಿಡುತ್ತಾನೆ. ಮಾತು ದಂಧೆಯ ಯಜಮಾನ ಮಾರ್ಲೋನ ಕಿವಿಗೆ ಬೀಳುತ್ತದೆ. ಕೆವಿನ್‌ನನ್ನು ಮುಗಿಸಿ, ಹುಡುಗ ಪೊಲೀಸರ ಬಾತ್ಮೀದಾರ ಎಂದು ಬೀದಿಯಲ್ಲಿ ಹಬ್ಬಿಸಿ ಎಂದು ಮಾರ್ಲೋ ಹೇಳುತ್ತಾನೆ.

ಮುಂದಿನದು ವೇಗವಾಗಿ ನಡೆಯುತ್ತದೆ. ಶಾಲೆಯ ಹುಡುಗರು ರ‍್ಯಾಂಡಿಯನ್ನು ಹೊಡೆಯುತ್ತಾರೆ. ಮನೆಗೆ ಕಾವಲಿದ್ದ ಪೊಲೀಸ್ ಗಾಡಿ ಇಲ್ಲದ ಹೊತ್ತಿನಲ್ಲಿ ಕಿಟಕಿಯಿಂದ ಬೆಂಕಿಯ ಬಾಟಲಿಗಳು ಒಳಗೆ ಬೀಳುತ್ತವೆ. ಸಾಕುತಾಯಿ ಸುಟ್ಟು ಆಸ್ಪತ್ರೆ ಸೇರುತ್ತಾಳೆ. ರ‍್ಯಾಂಡಿ ಬಾಲಮಂದಿರ ಸೇರುತ್ತಾನೆ. ಐದನೇ ಸೀಸನ್ನಿನಲ್ಲಿ ಬಂಕ್ ಅವನನ್ನು ಹುಡುಕಿಕೊಂಡು ಹೋದಾಗ ಆ ಮಿಠಾಯಿಯ ಹುಡುಗ ಎಲ್ಲಿಯೂ ಇಲ್ಲ. ಕಲ್ಲಾದ ಮುಖ, ದಾರಿಗೆ ಅಡ್ಡ ಬಂದ ಚಿಕ್ಕವನನ್ನು ತಳ್ಳಿ ಹೋಗುವ ಭುಜ.

ಇದನ್ನು ದೇವತೆಗಳ ಸಿಡಿಲು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಪ್ರೆಜ್, ಡ್ಯಾನಿಯಲ್ಸ್, ಕಾರ್ವರ್, ಹರ್ಕ್. ನಾಲ್ಕು ಕೈ. ಅದರಲ್ಲಿ ಮೂರು ಕೈ ಪ್ರೀತಿಯವು. ಒಬ್ಬರಾದರೂ ಹುಡುಗನನ್ನು ತಾವೇ ಕರೆದುಕೊಂಡು ಹೋಗಿ ಬಂಕ್‌ನ ಎದುರು ಕೂರಿಸಿದ್ದರೆ ಕಥೆ ಬೇರೆಯಾಗುತ್ತಿತ್ತು. ಪ್ರತಿಯೊಬ್ಬರೂ ತಮ್ಮ ಪಾಲಿನ ಜವಾಬ್ದಾರಿ ಮುಗಿಯಿತೆಂದು ಮುಂದಿನವರಿಗೆ ದಾಟಿಸಿದರು. ಇದು ನನ್ನ ಇಡೀ ಮಾತಿನ ತಿರುಳು: ‘ದಿ ವೈರ್’ನಲ್ಲಿ ಕೆಡುಕು ಮೇಲಿನಿಂದ ಬೀಳುವುದಿಲ್ಲ, ಕೈಯಿಂದ ಕೈಗೆ ದಾಟುತ್ತದೆ.

ಸಂಖ್ಯೆಗಳ ವಿಷಯದಲ್ಲೂ ಹೀಗೆಯೇ. ಇಲಾಖೆಯ ಸಭೆಗಳಲ್ಲಿ ಪರದೆಯ ಮೇಲೆ ಅಪರಾಧದ ಅಂಕಿಅಂಶ ಮೂಡುತ್ತದೆ. ಇಳಿಯದಿದ್ದರೆ ಅಧಿಕಾರಿಗೆ ಎಲ್ಲರೆದುರು ಮಂಗಳಾರತಿ. ಹೀಗಾಗಿ ಸುಲಿಗೆಯನ್ನು ಕಳವು ಎಂದು ಬರೆಯುತ್ತಾರೆ. ಪೊಲೀಸ್ ಕೆಲಸ ಬಿಟ್ಟು ಶಾಲೆಗೆ ಬಂದ ಪ್ರೆಜ್, ಪರೀಕ್ಷೆಯ ಅಂಕ ಏರಿಸುವ ಒಂದೇ ಉದ್ದೇಶದಿಂದ ಪಾಠ ಮಾಡಬೇಕೆಂಬ ಆದೇಶ ಕೇಳಿದಾಗ ತಟ್ಟನೆ ಗುರುತು ಹಿಡಿಯುತ್ತಾನೆ: ಇದು ಹಳೆಯ ಇಲಾಖೆಯಲ್ಲಿ ಕಂಡ ಆಟವೇ. ಎರಡೂ ಕೆಲಸ ಮಾಡಿ ಬಂದ ಎಡ್ ಬರ್ನ್ಸ್ ಅಲ್ಲದೆ ಬೇರೆ ಯಾರಿಗೂ ಈ ದೃಶ್ಯ ಹೊಳೆಯುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಈ ಅಂಕಿಗಳ ಆಟದಲ್ಲೂ ಹೆಸರುಗಳಿವೆ. ಮಾರ್ಲೋನ ಜನ ಕೊಂದವರನ್ನು ಖಾಲಿ ಬಿದ್ದ ಮನೆಗಳಲ್ಲಿಟ್ಟು ಬಾಗಿಲಿಗೆ ಹಲಗೆ ಜಡಿದಿದ್ದಾರೆಂದು ಪತ್ತೇದಾರ ಲೆಸ್ಟರ್ ಫ್ರೀಮನ್ ಕಂಡುಹಿಡಿಯುತ್ತಾನೆ. ಆ ಮನೆಗಳನ್ನು ತೆರೆಸುವುದು ಬೇಡವೆಂದು ಅಡ್ಡ ಬರುವವನು ಸಾರ್ಜೆಂಟ್ ಲ್ಯಾಂಡ್ಸ್‌ಮನ್. ಬಗೆಹರಿಯದ ಕೊಲೆಗಳ ಹೆಸರನ್ನು ಫಲಕದ ಮೇಲೆ ಕೆಂಪಿನಲ್ಲಿ ಬರೆಯುವ ಪದ್ಧತಿ. ವರ್ಷ ಮುಗಿಯಲು ಬಂದಿರುವಾಗ ತಾನಾಗಿ ಕೆಂಪು ಏರಿಸಿಕೊಳ್ಳುವುದು ಅವನಿಗೆ ಬೇಕಿಲ್ಲ. ಒಳಗೆ ಹೆಣಗಳಿವೆ, ಹೊರಗೆ ಫಲಕವಿದೆ, ನಡುವೆ ಒಬ್ಬ ಮನುಷ್ಯ ನಿಂತು ಬೇಡ ಎನ್ನುತ್ತಾನೆ. ಇನ್ನೊಂದು ಕಡೆ ಡ್ಯಾನಿಯಲ್ಸ್ ಇದ್ದಾನೆ. ಕೊನೆಯ ಸೀಸನ್ನಿನಲ್ಲಿ ಪೊಲೀಸ್ ಕಮಿಷನರ್ ಪದವಿಯವರೆಗೆ ಏರಿ, ಅಂಕಿಗಳನ್ನು ತಿದ್ದಲು ಒಪ್ಪದೆ ಹುದ್ದೆಯನ್ನೇ ಬಿಟ್ಟು ವಕೀಲನಾಗುತ್ತಾನೆ. ಒಂದೇ ಇಲಾಖೆ, ಒಂದೇ ಒತ್ತಡ. ಒಬ್ಬ ಬಗ್ಗಿದ, ಒಬ್ಬ ಬಗ್ಗಲಿಲ್ಲ. ದೇವತೆಗಳ ಸಿದ್ಧಾಂತಕ್ಕೆ ಈ ವ್ಯತ್ಯಾಸವನ್ನು ವಿವರಿಸುವ ಶಕ್ತಿ ಇಲ್ಲ.

ಇನ್ನು ನೇಮಂಡ್ ಬ್ರೈಸ್. ರ‍್ಯಾಂಡಿಯ ಗೆಳೆಯ. ತಂದೆ ಕೊಲೆಗಳಿಗಾಗಿ ಜೀವಾವಧಿ ಶಿಕ್ಷೆಯಲ್ಲಿ ಜೈಲಿನಲ್ಲಿದ್ದಾನೆ. ತಾಯಿಯೇ ಮಗನನ್ನು ದಂಧೆಗೆ ತಳ್ಳುತ್ತಾಳೆ. ಇವನು ಉಳಿದುಕೊಳ್ಳುತ್ತಾನೆ. ಯಾವ ಯೋಜನೆಯಿಂದಲೂ ಅಲ್ಲ. ಬನ್ನಿ ಕಾಲ್ವಿನ್ ಎಂಬ ನಿವೃತ್ತ ಪೊಲೀಸ್ ಅಧಿಕಾರಿ ಜೈಲಿಗೆ ಹೋಗಿ ಆ ತಂದೆಯ ಎದುರು ಕೂತು, ನಿಮ್ಮ ಮಗನನ್ನು ನನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಕೇಳುತ್ತಾನೆ. ಅಪ್ಪ ಒಪ್ಪುತ್ತಾನೆ. ಮುಂದೆ ಚರ್ಚಾಸ್ಪರ್ಧೆಯ ವೇದಿಕೆಯಲ್ಲಿ ನಿಂತು ಮಾತಾಡುವ ನೇಮಂಡ್‌ನನ್ನು ನಾವು ನೋಡುತ್ತೇವೆ. ಇದೇ ಕಾಲ್ವಿನ್ ಹಿಂದಿನ ಸೀಸನ್ನಿನಲ್ಲಿ ಡ್ರಗ್ಸ್ ಮಾರಾಟವನ್ನು ಕೆಲವು ಪಾಳು ಬೀದಿಗಳಿಗೆ ಸೀಮಿತಗೊಳಿಸುವ ಪ್ರಯೋಗ ಮಾಡಿ, ಪದವಿ ಕಳೆದುಕೊಂಡವನು. 1980ರ ದಶಕದಲ್ಲಿ ಡ್ರಗ್ಸ್ ಸೇವನೆಯನ್ನು ಅಪರಾಧವಾಗಿ ನೋಡಬೇಡಿ ಎಂದು ನಿಜಜೀವನದಲ್ಲಿ ಹೇಳಿದ ಆಗಿನ ಬಾಲ್ಟಿಮೋರ್ ಮೇಯರ್ ಕರ್ಟ್ ಶ್ಮೋಕ್ ಆ ಸೀಸನ್ನಿನಲ್ಲಿ ಆರೋಗ್ಯಾಧಿಕಾರಿಯ ಚಿಕ್ಕ ಪಾತ್ರದಲ್ಲಿ ಬಂದು ಹೋಗುತ್ತಾರೆ. ಸೈಮನ್ ಆ ಪಾತ್ರಕ್ಕೆ ಅವರನ್ನೇ ಕರೆದದ್ದು ನನಗೆ ಗೌರವದ ನಡೆಯಾಗಿ ಕಾಣುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ವಾದ ಗೆದ್ದಂತೆ ಕಾಣುತ್ತಿತ್ತು. ಆದರೆ ಕಾರ್ವರ್ ನನ್ನನ್ನು ಬಿಡುತ್ತಿಲ್ಲ.

ಬೆಂಕಿ ಬಿದ್ದ ಮೇಲೆ ಕಾರ್ವರ್ ತಾನೇ ರ‍್ಯಾಂಡಿಯನ್ನು ಸಾಕಿಕೊಳ್ಳುತ್ತೇನೆಂದು ಮುಂದೆ ಬರುತ್ತಾನೆ. ಕಾಲ್ವಿನ್ ಮಾಡಿದ್ದನ್ನೇ ಮಾಡಲು ಹೊರಟವನು ಅವನು. ಪರವಾನಗಿಗೆ, ಪರಿಶೀಲನೆಗೆ ತಿಂಗಳುಗಳು ಬೇಕು ಎಂಬ ಉತ್ತರ ಬರುತ್ತದೆ. ಮಕ್ಕಳನ್ನು ಕಂಡ ಕಂಡವರ ಕೈಗೆ ಕೊಡಬಾರದೆಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಬರೆದ ನಿಯಮ ಅದು. ಹುಡುಗನನ್ನು ಬಾಲಮಂದಿರದ ಬಾಗಿಲಿಗೆ ಬಿಟ್ಟು ಬಂದ ಕಾರ್ವರ್ ಕಾರಿನೊಳಗೆ ಕೂತು ಸ್ಟೀರಿಂಗನ್ನು ಗುದ್ದುತ್ತಾನೆ. ಆ ಹೊತ್ತಿನಲ್ಲಿ ಬೆರಳು ತೋರಿಸಲು ಒಂದು ಕೈಯೂ ನನಗೆ ಸಿಗುವುದಿಲ್ಲ. ಮೇಲಾಗಿ ಕೊನೆಯ ಕಂತು. ಅದರಲ್ಲಿ ಇದೇ ಹುಡುಗರ ಗುಂಪಿನ ಮೈಕಲ್ ಎಂಬವನು, ದಂಧೆಯವರನ್ನೇ ದೋಚುತ್ತಿದ್ದು ಸತ್ತ ಓಮರ್‌ನ ಜಾಗಕ್ಕೆ ಬಂದು ಬಂದೂಕು ಹಿಡಿದಿದ್ದಾನೆ. ಅವರ ಗೆಳೆಯ ಡೂಕಿ ಡ್ರಗ್ಸ್ ಸೂಜಿ ಚುಚ್ಚಿಕೊಳ್ಳುತ್ತಿದ್ದಾನೆ. ಡ್ಯಾನಿಯಲ್ಸ್ ಬಿಟ್ಟ ಕುರ್ಚಿಯಲ್ಲಿ ವಾಲ್ಚೆಕ್ ಎಂಬ ಇನ್ನೊಬ್ಬ ಅಧಿಕಾರಿ ಕೂತಿದ್ದಾನೆ. ಜಾಗಗಳು ಹಾಗೆಯೇ ಇವೆ, ಕೂರುವವರು ಬದಲಾಗಿದ್ದಾರೆ. ಸೈಮನ್ ಹೇಳಿದ್ದು ಇದನ್ನೇ.

ಹಾಗಾದರೆ ಡ್ಯಾನಿಯಲ್ಸ್ ಬಗ್ಗದೆ ಹೊರಬಂದದ್ದರಿಂದ ಬಾಲ್ಟಿಮೋರಿನ ಒಂದು ಮಗುವಿಗಾದರೂ ಒಳಿತಾಯಿತೇ? ನಾಲ್ಕು ಕೈಗಳ ಹೆಸರು ಹೇಳಿದ ಮೇಲೂ, ಆ ನಾಲ್ವರನ್ನೂ ಅಷ್ಟು ದಣಿಸಿದ, ಅಷ್ಟು ಹೆದರಿಸಿದ ವ್ಯವಸ್ಥೆಗೆ ನಾನು ಏನೆಂದು ಹೆಸರಿಡಲಿ? ಹರ್ಕ್‌ನನ್ನು ದೂರುವುದರಲ್ಲಿ ನಾನು ಅಂಕಿ ಇಳಿಸಲು ಇಲಾಖೆಯ ಮೇಲೆ ಒತ್ತಡ ಹಾಕುವ ಮೇಯರ್ ಕಚೇರಿಯನ್ನು ಸುಲಭವಾಗಿ ಬಿಟ್ಟುಬಿಡುತ್ತಿದ್ದೇನೆಯೇ? ನಮ್ಮ ಮೇಷ್ಟ್ರು ಬದುಕಿದ್ದರೆ ಕಾರ್ವರ್‌ನ ಹೆಸರನ್ನು ಪಟ್ಟಿಯಲ್ಲಿ ಬರೆಯುತ್ತಿದ್ದರೋ, ಅಳಿಸುತ್ತಿದ್ದರೋ? ಈ ಪ್ರಶ್ನೆಗಳ ಎದುರು ನನ್ನ ನಿಲುವು ಇನ್ನೂ ಗಟ್ಟಿಯಾಗಿಲ್ಲ ಎಂಬುದನ್ನು ನಿಮ್ಮ ಮುಂದೆ ಮುಚ್ಚಿಡಲಾರೆ.

ಇಷ್ಟಾದರೂ ಎಣಿಸುವುದನ್ನು ಬಿಡಬಾರದು ಎಂದೇ ನಾನು ಹೇಳುತ್ತೇನೆ. ವ್ಯವಸ್ಥೆಯೇ ಹಾಗಿದೆ ಎಂದು ಹೇಳಿ ಎದ್ದುಹೋಗುವುದು ಬಹಳ ಸುಲಭ. ಅದನ್ನು ಹೇಳಿದ ಮೇಲೆ ಯಾರೂ ಏನೂ ಮಾಡಬೇಕಾಗಿರುವುದಿಲ್ಲ. ನಾಲ್ಕನೇ ಸೀಸನ್ನಿನ 13 ಕಂತುಗಳನ್ನು ದಯವಿಟ್ಟು ನೋಡಿ. ರ‍್ಯಾಂಡಿ ಬಾಯಿಬಿಟ್ಟ ಕ್ಷಣದಿಂದ ಆ ವಿಷಯ ಯಾರಿಂದ ಯಾರಿಗೆ ಹೋಯಿತೆಂದು ಬರೆದುಕೊಳ್ಳಿ. ನನ್ನ ಪಟ್ಟಿಯಲ್ಲಿ ಇಲ್ಲದ ಹೆಸರು ನಿಮಗೆ ಕಂಡರೆ, ಅಥವಾ ಇರಬಾರದ ಹೆಸರನ್ನು ನಾನು ಸೇರಿಸಿದ್ದೇನೆ ಅನ್ನಿಸಿದರೆ, ಮುಂದಿನ ಉಪನ್ಯಾಸದ ದಿನ ಬಂದು ನನ್ನೊಡನೆ ವಾದ ಮಾಡಿ.