ಕಾಫಿಗೆ 150 ರೂಪಾಯಿ, ಕುರ್ಚಿಗೆ ಎಷ್ಟು?

ಇವತ್ತು ಮಾತಾಡೋಣ ಅಂತಿರೋದು ಕಾಫಿ ಶಾಪ್‌ಗಳ ವೈಫೈ ಬಗ್ಗೆ. ದೊಡ್ಡ ಚೈನ್‌ಗಳದ್ದಲ್ಲ. ಬೆಂಗಳೂರಿನ ಜಯನಗರ, ಮಲ್ಲೇಶ್ವರ, ಮೈಸೂರಿನ ಗೋಕುಲಂ ಥರದ ಕಡೆ ಒಬ್ರೋ ಇಬ್ರೋ ಸೇರಿ, ಸ್ವಂತ ದುಡ್ಡು ಹಾಕಿ ನಡೆಸ್ತಾರಲ್ಲ, ಆ ಪುಟ್ಟ ಕೆಫೆಗಳದ್ದು.

ಒಳಗೆ ಹೋದ ತಕ್ಷಣ ಮೆನು ನೋಡೋಕೂ ಮುಂಚೆ ನಾವು ಕೇಳೋ ಪ್ರಶ್ನೆ, ‘ವೈಫೈ ಪಾಸ್‌ವರ್ಡ್ ಏನು?’ ಆದ್ರೆ ಈಗ ಕೆಲವು ಕಡೆ ‘ಶನಿವಾರ, ಭಾನುವಾರ ಲ್ಯಾಪ್‌ಟಾಪ್ ಬೇಡ’ ಅಂತ ಬೋರ್ಡ್ ಇರುತ್ತೆ. ಅದನ್ನ ನೋಡಿ, ‘ಇಂಟರ್ನೆಟ್ ಕೊಡೋಕೂ ಇಷ್ಟು ಜಿಪುಣತನನಾ?’ ಅಂತ ಗೊಣಗೋರಿದ್ದಾರೆ. ನಾನು ಕಾಮರ್ಸ್ ಓದಿದ್ದು, ಬೋರ್ಡ್ ನೋಡಿದ್ರೆ ಮೊದ್ಲು ಲೆಕ್ಕಾನೇ ನೆನಪಾಗೋದು. ಆ ಲೆಕ್ಕ ನಿಮ್ಮ ಮುಂದೆ ಇಡ್ತೀನಿ.

ಅದಕ್ಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗೋಣ. ಬೆಂಗಳೂರಿಗೆ ಹೋಟೆಲ್ ವ್ಯಾಪಾರದ ಎರಡು ದಾರಿ ಚೆನ್ನಾಗಿ ಗೊತ್ತು. ಒಂದು ದರ್ಶಿನಿ. 1980ರ ದಶಕದಲ್ಲಿ ಶುರುವಾಗಿದ್ದು. ಟೋಕನ್ ತಗೋ, ನಿಂತ್ಕೊಂಡು ತಿನ್ನು, ಕಾಫಿ ಕುಡಿ, ಹೊರಡು. ಬೆಲೆ ಕಮ್ಮಿ, ಯಾಕಂದ್ರೆ ಅಲ್ಲಿ ಕುರ್ಚಿನೇ ಇಲ್ಲ. ಇನ್ನೊಂದು, 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಶುರುವಾದ ಮೊದಲ ಕೆಫೆ ಕಾಫಿ ಡೇ. ಅದು ಶುರುವಾಗಿದ್ದೇ ಸೈಬರ್ ಕೆಫೆಯಾಗಿ. ಅಲ್ಲಿ ಇಂಟರ್ನೆಟ್ಟಿಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡಬೇಕಿತ್ತು. ಅಂದ್ರೆ ದರ್ಶಿನಿ ಮಾರೋದು ವೇಗ, ಸೈಬರ್ ಕೆಫೆ ಮಾರಿದ್ದು ಸಮಯ. ಇವತ್ತಿನ ಪುಟ್ಟ ಕೆಫೆಯೂ ಸಮಯಾನೇ ಕೊಡುತ್ತೆ. ಆದ್ರೆ ಬಿಲ್ ಹಾಕೋದು ಕಾಫಿಗೆ ಮಾತ್ರ. ಸಮಸ್ಯೆ ಇರೋದು ಇಲ್ಲೇ.

ಈಗ ಲೆಕ್ಕ. ಇದು ಯಾವುದೋ ಒಂದು ಅಂಗಡಿಯದ್ದಲ್ಲ, ಉದಾಹರಣೆಗೆ ಇಟ್ಕೊಳ್ಳಿ. 20 ಕುರ್ಚಿ ಇರೋ ಕೆಫೆ. ಬಾಡಿಗೆ, ಸಂಬಳ, ಕರೆಂಟು ಎಲ್ಲ ಸೇರಿ ತಿಂಗಳಿಗೆ 2,40,000 ರೂಪಾಯಿ ಖರ್ಚು. ದಿನಕ್ಕೆ 10 ಗಂಟೆ, ತಿಂಗಳಿಗೆ 30 ದಿನ ತೆರೆದಿದ್ರೆ ಒಟ್ಟು 6,000 ಕುರ್ಚಿ-ಗಂಟೆ. ಭಾಗಿಸಿ ನೋಡಿ, ಒಂದು ಕುರ್ಚಿಗೆ ಗಂಟೆಗೆ 40 ರೂಪಾಯಿ. ಇನ್ನು ಬ್ರಾಡ್‌ಬ್ಯಾಂಡ್ 1,500 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 1,770. ಶೇಕಡಾ 5ರ ಜಿಎಸ್‌ಟಿ ಹಾಕೋ ಹೋಟೆಲಿಗೆ ಇನ್‌ಪುಟ್ ಕ್ರೆಡಿಟ್ ಸಿಗಲ್ಲ, ಹಾಗಾಗಿ ಆ ತೆರಿಗೆನೂ ಮಾಲೀಕರ ಜೇಬಿಂದಾನೇ. ಆದ್ರೂ ಕುರ್ಚಿ-ಗಂಟೆಗೆ ಎಷ್ಟು ಬಿತ್ತು? ಸುಮಾರು 30 ಪೈಸೆ.

ಅಂದ್ರೆ ವೈಫೈ ದುಬಾರಿ ಅಲ್ವೇ ಅಲ್ಲ. ದುಬಾರಿ ಇರೋದು ಕುರ್ಚಿ. 150 ರೂಪಾಯಿಯ ಒಂದು ಕಾಫಿ ತಗೊಂಡು ನಾಲ್ಕು ಗಂಟೆ ಕೂತ್ರೆ ಕುರ್ಚಿ ಖರ್ಚೇ 160. ಹಾಲು, ಕಾಫಿ ಬೀಜದ ಲೆಕ್ಕ ಇನ್ನೂ ಹಿಡಿದಿಲ್ಲ.

ಹಾಗಂತ ಲ್ಯಾಪ್‌ಟಾಪ್ ತಂದವರೆಲ್ಲ ನಷ್ಟ ಮಾಡ್ತಾರೆ ಅನ್ನೋದೂ ತಪ್ಪು. ಮಂಗಳವಾರ ಮಧ್ಯಾಹ್ನ 3 ಗಂಟೆಗೆ ಅರ್ಧ ಕೆಫೆ ಖಾಲಿ. ಯಾರೂ ಬರದಿದ್ರೂ ಬಾಡಿಗೆ ಓಡ್ತಾನೇ ಇರುತ್ತೆ. ಆಗ ಬಂದು ಕೂತವರಿಂದ ಬರೋದು ಲಾಭಾನೇ. ಜನ ಕೂತಿರೋ ಕೆಫೆಗೆ ಇನ್ನಷ್ಟು ಜನ ಬರ್ತಾರೆ, ಅದೂ ನಿಜ. ಅದೇ ಭಾನುವಾರ ಸಂಜೆ 6 ಗಂಟೆಗೆ, ನಾಲ್ಕು ಜನರ ಒಂದು ಕುಟುಂಬ ಬಾಗಿಲಲ್ಲಿ ನಿಂತು, ಜಾಗ ಇಲ್ಲ ಅಂತ ವಾಪಸ್ ಹೋದ್ರೆ ಅದು ನಿಜವಾದ ನಷ್ಟ. ಕುರ್ಚಿ ಅದೇ, ವೈಫೈ ಅದೇ, ಹೊತ್ತು ಬೇರೆ. ಹಾಗಾಗಿ ‘ವಾರಾಂತ್ಯದಲ್ಲಿ ಬೇಡ’ ಅನ್ನೋ ಬೋರ್ಡ್ ಜಿಪುಣತನ ಅಲ್ಲ, ಲೆಕ್ಕಾಚಾರ.

ದುಡ್ಡಿನ ಜೊತೆಗೆ ಇನ್ನೊಂದು ಹೊರೆಯೂ ಇದೆ. ಗೋಡೆ ಮೇಲೆ ಬರೆದ ಪಾಸ್‌ವರ್ಡಿನಿಂದ ಯಾರು ಏನೇ ಮಾಡಿದ್ರೂ, ಹೊರಗಿನಿಂದ ನೋಡೋರಿಗೆ ಕಾಣೋದು ಆ ಕನೆಕ್ಷನ್ ಯಾರ ಹೆಸರಲ್ಲಿದೆ ಅನ್ನೋದು. 2008ರ ಅಹಮದಾಬಾದ್ ಸ್ಫೋಟದ ಹೊತ್ತಲ್ಲಿ ಬಂದ ಬೆದರಿಕೆ ಇಮೇಲ್, ನವಿ ಮುಂಬೈನ ಒಂದು ಮನೆಯ ವೈಫೈ ಮೂಲಕ ಹೋಗಿತ್ತು. ಪೊಲೀಸರು ಮೊದಲು ಹೋಗಿದ್ದು ಆ ಮನೆಗೆ. ಮರುವರ್ಷವೇ ದೂರಸಂಪರ್ಕ ಇಲಾಖೆ ವೈಫೈ ಸುರಕ್ಷತೆ ಬಗ್ಗೆ ಸೂಚನೆ ಹೊರಡಿಸ್ತು. ಸಾರ್ವಜನಿಕ ವೈಫೈಗೆ ಮೊಬೈಲ್ ನಂಬರ್ ಕೊಟ್ಟು ಒಟಿಪಿ ಹಾಕೋ ಪದ್ಧತಿಯ ಹಿಂದೆ ಇರೋದು ಇದೇ ಯೋಚನೆ: ಬಳಸಿದವರು ಯಾರು ಅಂತ ಗೊತ್ತಿರಬೇಕು.

ಯಾರು ಬಳಸ್ತಿದ್ದಾರೆ, ಎಷ್ಟು ಹೊತ್ತು ಬಳಸ್ತಾರೆ, ಈ ಎರಡಕ್ಕೂ ಒಂದೇ ಉತ್ತರ ಇದೆ. ಹೊತ್ತಿನ ಮಿತಿ ಇರೋ ಲಾಗಿನ್. ಕೇಂದ್ರ ಸಂಪುಟ 2020ರ ಡಿಸೆಂಬರ್‌ನಲ್ಲಿ ಒಪ್ಪಿದ ಪಿಎಂ-ವಾಣಿ ಯೋಜನೆ ಇದಕ್ಕೇ ಇರೋದು. ಹಳೇ ಎಸ್‌ಟಿಡಿ ಬೂತ್ ಥರ, ಕೆಫೆನೋ ಕಿರಾಣಿ ಅಂಗಡಿನೋ ‘ಪಬ್ಲಿಕ್ ಡೇಟಾ ಆಫೀಸ್’ ಆಗಬಹುದು. ಅದಕ್ಕೆ ಲೈಸೆನ್ಸ್ ಬೇಡ, ಸರ್ಕಾರಕ್ಕೆ ಶುಲ್ಕ ಇಲ್ಲ. ಗ್ರಾಹಕರನ್ನ ಗುರುತಿಸೋದು, ಲೆಕ್ಕ ಇಡೋದು ಅಗ್ರಿಗೇಟರ್ ಕಂಪನಿಯ ಕೆಲಸ. ಇಂಥವರಿಗೆ ಬ್ರಾಡ್‌ಬ್ಯಾಂಡ್ ದರ ಜಾಸ್ತಿ ಅನ್ನೋ ದೂರಿತ್ತು. 2025ರ ಜೂನ್‌ನಲ್ಲಿ ಟ್ರಾಯ್, 200 ಎಂಬಿಪಿಎಸ್‌ವರೆಗಿನ ಫೈಬರ್ ಪ್ಲಾನ್‌ಗಳಿಗೆ ಮನೆ ಗ್ರಾಹಕರ ದರದ ಎರಡು ಪಟ್ಟಿಗಿಂತ ಹೆಚ್ಚು ತಗೋಬಾರದು ಅಂತ ಮಿತಿ ಹಾಕಿದೆ.

ಕೆಫೆ ನಡೆಸೋರಿಗೆ ಒಂದು ಮಾತು. ಬಿಲ್ಲಿಂಗ್ ಮಷೀನು, ಸಿಸಿಟಿವಿ ಇರೋ ನೆಟ್‌ವರ್ಕನ್ನ ಗ್ರಾಹಕರಿಗೆ ಕೊಡಬೇಡಿ. ಎಷ್ಟೋ ರೌಟರ್‌ಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಆಯ್ಕೆ ಇರುತ್ತೆ, ಆನ್ ಮಾಡಿ. ಒಂದು ಬಿಲ್ಲಿಗೆ ಇಷ್ಟು ಗಂಟೆ, ಈ ಹೊತ್ತಲ್ಲಿ ಲ್ಯಾಪ್‌ಟಾಪ್ ಇಲ್ಲ ಅನ್ನೋದನ್ನ ಬಾಗಿಲಲ್ಲೇ ಬರೆದುಬಿಡಿ. ಕೂತ ಮೇಲೆ ಎಬ್ಬಿಸೋದು ಇಬ್ರಿಗೂ ಮುಜುಗರ.

ಇನ್ನು ನಮಗೆ, ಅಂದ್ರೆ ಅಲ್ಲಿ ಕೂತು ಕೆಲಸ ಮಾಡೋರಿಗೆ. ಒಂದೂವರೆ ಗಂಟೆಗೆ ಒಂದ್ಸಲ ಏನಾದ್ರೂ ತಗೊಳ್ಳಿ. ಒಬ್ರೇ ಇದ್ರೆ ನಾಲ್ಕು ಜನರ ಟೇಬಲ್ ಬಿಟ್ಟು ಮೂಲೆ ಸೀಟು ಹಿಡೀರಿ. ವಿಡಿಯೊ ಕಾಲ್ ಇದ್ರೆ ಹೊರಗೆ ಹೋಗಿ. ಬಾಗಿಲಲ್ಲಿ ಜನ ನಿಂತಿದ್ರೆ ಎದ್ದು ಜಾಗ ಕೊಡಿ. ಆ ಕೆಫೆ ಮುಂದಿನ ವರ್ಷವೂ ಅಲ್ಲೇ ಇದ್ರೆ ತಾನೇ ನಾವು ಹೋಗಿ ಕೂರೋದು?

ನಿಮ್ಮೂರಿನ ಕೆಫೆಗಳಲ್ಲಿ ಯಾವ ನಿಯಮ ಇದೆ, ಅದು ಸರಿ ಅನ್ಸುತ್ತಾ? ನಮಗೆ ಬರೆದು ತಿಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.