ಗಣಕಯಂತ್ರದೊಳಗಿನ ದೇಹ

ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನೋದಿದವನಿಗೆ ಗಣಕಯಂತ್ರದ ಮಾತೇಕೆಂದು ಕೆಲವರು ಕೇಳಿಯಾರು. ಕಾರಣವುಂಟು. ದೇಹದಾನದ ವಿಚಾರವನ್ನು ಭಕ್ತರು ಮಠದಲ್ಲಿ ಆಗಾಗ ಪ್ರಸ್ತಾಪಿಸುತ್ತಿರುವರು. “ಈಗ ದೇಹವನ್ನೇ ಗಣಕಯಂತ್ರದಲ್ಲಿ ಕಟ್ಟುತ್ತಾರಂತೆ, ಇನ್ನು ಸತ್ತವರ ಶರೀರವು ವೈದ್ಯವಿದ್ಯಾರ್ಥಿಗಳಿಗೇಕೆ?” ಎಂಬುದು ಅವರ ಪ್ರಶ್ನೆ. ಸಮಾಧಿ ಮಾಡುವದೇ ಸಂಪ್ರದಾಯವಾದ ನಮ್ಮ ಮನೆಗಳಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ತಂದೆಯ ಕಡೆಯ ಇಚ್ಛೆಯೊಂದು, ಮಕ್ಕಳ ಮನಸ್ಸೊಂದು ಆದಾಗ ಮನೆಯೇ ಎರಡಾಗುವದುಂಟು.

ಪ್ರತಿಮೆಯ ಮೇಲೆ ಅಭ್ಯಾಸ ಮಾಡುವದು ಹೊಸದೇನಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯಕ್ಕೆ ಯೋಗ್ಯಾಸೂತ್ರೀಯವೆಂದು ಹೆಸರು. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ ಶಿಷ್ಯನೂ ಕೈಯಭ್ಯಾಸವಿಲ್ಲದಿದ್ದರೆ ಕರ್ಮಕ್ಕೆ ಅನರ್ಹನೆಂದು ಅಲ್ಲಿ ಹೇಳಲ್ಪಟ್ಟಿದೆ. ಕುಂಬಳ, ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ ಕೊಯ್ಯುವದನ್ನೂ, ನೀರು ಕೆಸರು ತುಂಬಿದ ತೊಗಲ ಚೀಲಗಳ ಮೇಲೆ ಸೀಳುವದನ್ನೂ, ಸತ್ತ ಪ್ರಾಣಿಗಳ ಸಿರೆ ಹಾಗೂ ತಾವರೆಯ ದಂಟುಗಳ ಮೇಲೆ ಚುಚ್ಚುವದನ್ನೂ, ದಪ್ಪ ಬಟ್ಟೆಯ ಮೇಲೆ ಹೊಲಿಗೆಯನ್ನೂ, ಬೊಂಬೆಯ ಅಂಗಾಂಗಗಳ ಮೇಲೆ ಪಟ್ಟಿ ಕಟ್ಟುವದನ್ನೂ ಕಲಿಸತಕ್ಕದ್ದು. ಆದರೆ ಅದೇ ಗ್ರಂಥದ ಶಾರೀರಸ್ಥಾನದಲ್ಲಿ ಹೆಣವನ್ನು ಹುಲ್ಲು ನಾರುಗಳಿಂದ ಸುತ್ತಿ, ಪಂಜರದಲ್ಲಿರಿಸಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಸಿ, ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಒಳಗಿನದೆಲ್ಲವನ್ನೂ ಕಣ್ಣಾರೆ ಕಾಣಬೇಕೆಂದೂ ವಿಧಿಸಿದೆ. ಕುಂಬಳಕಾಯಿಯುಂಟೆಂದು ಆಚಾರ್ಯನು ಹೆಣವನ್ನು ಬಿಡಲಿಲ್ಲವೆಂಬುದನ್ನು ಗಮನಿಸಿರಿ.

ಇನ್ನು ಯಂತ್ರದ ದೇಹವು ಹೇಗೆ ಕಟ್ಟಲ್ಪಡುವದೆಂದು ನೋಡೋಣ. ನಮ್ಮವರು ಬೀದರ, ಕಲಬುರ್ಗಿ, ಸೊಲ್ಲಾಪುರಗಳಿಗೆ ಹೋಗಿ ಸಿ.ಟಿ. ಸ್ಕ್ಯಾನು ಮಾಡಿಸಿಕೊಂಡು ಬರುತ್ತಾರೆ. ಅದರ ಮೂಲಪುರುಷನು ಇಂಗ್ಲಂಡದ ಹೌನ್ಸ್‌ಫೀಲ್ಡ್. 1971ರ ಅಕ್ಟೋಬರ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿ ಮೊದಲ ರೋಗಿಯ ತಲೆಯನ್ನು ಆ ಯಂತ್ರದಿಂದ ಪರೀಕ್ಷಿಸಲಾಯಿತು. ಕ್ಷ-ಕಿರಣವು ದೇಹದ ಸುತ್ತ ತಿರುಗುತ್ತ ನಾನಾ ದಿಕ್ಕುಗಳಿಂದ ಹಾಯುವದು; ಎಷ್ಟು ಕಿರಣವು ಒಳಗೇ ಉಳಿಯಿತೆಂಬ ಲೆಕ್ಕದಿಂದ ಪ್ರತಿಯೊಂದು ಕಣದ ಸಾಂದ್ರತೆಯನ್ನು ಗಣಿತವು ಹೇಳುವದು. ನೀರಿಗೆ 0, ಗಾಳಿಗೆ ಸೊನ್ನೆಗಿಂತ 1000 ಕಡಿಮೆ, ಗಟ್ಟಿ ಎಲುಬಿಗೆ 1000ದ ಆಸುಪಾಸು. ಹೀಗೆ ದೊರೆತ ತೆಳು ಪದರುಗಳನ್ನು, ಜಾತ್ರೆಯ ಬುತ್ತಿಗೆ ಕಡಕ ರೊಟ್ಟಿಗಳನ್ನು ಅಡಕುವಂತೆ, ಒಂದರ ಮೇಲೊಂದು ಅಡಕಿದರೆ ಇಡಿಯ ದೇಹವಾಗುವದು. ಎಲುಬೆಲ್ಲಿ ಮುಗಿಯಿತು, ಯಕೃತ್ತೆಲ್ಲಿ ಆರಂಭವಾಯಿತೆಂದು ಎಲ್ಲೆಗಳನ್ನು ಗುರುತಿಸಿ, ಆ ಮೇಲ್ಮೈಗಳಿಗೆ ಸಣ್ಣ ತ್ರಿಕೋಣಗಳ ಬಲೆಯನ್ನು ಹೊದಿಸುವರು.

ಇಷ್ಟಾದರೂ ಅದು ಚಿತ್ರವೇ. ಒತ್ತಿದರೆ ತಗ್ಗಬೇಕು, ಕೊಯ್ದರೆ ಬಿರಿಯಬೇಕು, ಹಿಡಿದ ಕೈಗೆ ಪ್ರತಿಬಲವು ತಿಳಿಯಬೇಕು. ಅದಕ್ಕಾಗಿ ಅಂಗವನ್ನು ಸಾವಿರಾರು ಸಣ್ಣ ತುಂಡುಗಳಾಗಿ ಎಣಿಸಿ, ಒಂದು ತುಂಡಿನ ಎಳೆತವು ನೆರೆಯ ತುಂಡಿಗೆ ಹೇಗೆ ಮುಟ್ಟುವದೆಂದು ಲೆಕ್ಕ ಮಾಡುವರು. ಕಣ್ಣಿಗೆ ಸೆಕೆಂಡಿಗೆ ಮೂವತ್ತು ಚಿತ್ರಗಳು ಸಾಕು. ಕೈಗಾದರೋ ಸುಮಾರು ಸಾವಿರ ಸಲ ಉತ್ತರ ಬರಬೇಕು, ಇಲ್ಲವಾದರೆ ಮೆತ್ತಗಿನದೂ ಒರಟಾಗಿ ತೋರುವದು. ಕಣ್ಣಿಗಿಂತ ಕೈಯನ್ನು ಮೋಸಗೊಳಿಸುವದು ಕಠಿಣವೆಂಬುದು ನನಗೆ ಬಹಳ ಸೊಗಸಾಗಿ ಕಂಡಿತು. ಹೊಟ್ಟೆಯೊಳಗೆ ದರ್ಶಕನಳಿಕೆಯನ್ನು ಇಳಿಸುವ ಅಭ್ಯಾಸಕ್ಕೆ ಇಂಥ ಯಂತ್ರವು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ರೂಪುಗೊಂಡಿರುವದು.

ಪ್ರಯೋಜನವು ಸಂಶಯಾತೀತ. ಅಮೇರಿಕೆಯ ಯೇಲ್ ವಿಶ್ವವಿದ್ಯಾಲಯದವರು 2002ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 16 ಮಂದಿ ಕಿರಿಯ ಶಸ್ತ್ರವೈದ್ಯರಿದ್ದರು. ಯಂತ್ರದ ಮೇಲೆ ಕೈ ಪಳಗಿಸಿದವರು ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಶೇಕಡಾ 29ರಷ್ಟು ಬೇಗನೆ ಮುಗಿಸಿದರು. ಉಳಿದವರ ತಪ್ಪುಗಳು ಇವರವಕ್ಕಿಂತ ಆರು ಪಟ್ಟಿನಷ್ಟಿದ್ದವು. ಮೊದಲ ತಪ್ಪು ರೋಗಿಯ ಮೈಮೇಲೆ ಆಗದೆ ಯಂತ್ರದ ಮೇಲಾಗುವದು ಸಾಮಾನ್ಯ ಲಾಭವೇ?

ಹಾಗಾದರೆ ದಾನದೇಹವು ಬೇಡವೇ? ಇಲ್ಲಿಯೇ ಜನರು ಒಂದು ಸಂಗತಿಯನ್ನು ಮರೆಯುತ್ತಾರೆ. ಗಣಕಯಂತ್ರದ ದೇಹಗಳಲ್ಲಿ ಅತಿಪ್ರಸಿದ್ಧವಾದದ್ದು ದಾನದೇಹದಿಂದಲೇ ಹುಟ್ಟಿತು. 1993ರಲ್ಲಿ ಟೆಕ್ಸಾಸಿನಲ್ಲಿ ಮರಣದಂಡನೆಗೊಳಗಾದ ಒಬ್ಬನ ಶರೀರವನ್ನು ಹೆಪ್ಪುಗಟ್ಟಿಸಿ, ಒಂದೊಂದು ಮಿಲಿಮೀಟರಿನಂತೆ ಸವರುತ್ತ, 1871 ಪದರುಗಳ ಚಿತ್ರವನ್ನು ತೆಗೆದರು. ಅಮೇರಿಕೆಯ ರಾಷ್ಟ್ರೀಯ ವೈದ್ಯಗ್ರಂಥಾಲಯವು 1994ರಲ್ಲಿ ಅವನ್ನು ಲೋಕಕ್ಕೆ ತೆರೆದಿಟ್ಟಿತು. ಮರುವರ್ಷ ಒಬ್ಬ ಸ್ತ್ರೀಯ ದೇಹವು ಐದು ಸಾವಿರಕ್ಕೂ ಮಿಕ್ಕ ಪದರುಗಳಲ್ಲಿ ಬಂದಿತು. ಆ ಮನುಷ್ಯನು ವಿಜ್ಞಾನಕ್ಕೆ ದೇಹವನ್ನು ಕೊಡಲೊಪ್ಪಿದ್ದನು. ಈ ಬಗೆಯಲ್ಲಿ ಜಗತ್ತೆಲ್ಲ ನೋಡುವದೆಂದು ಅವನಿಗೆ ತಿಳಿದಿರಲಿಲ್ಲ. ಅದು ನನಗೆ ಒಪ್ಪಿತವಲ್ಲ. ಕೊಡುವವನಿಗೆ ಏನು ಕೊಡುತ್ತಿರುವೆನೆಂಬುದು ತಿಳಿದಿರಬೇಕು.

ಇನ್ನೊಂದು ಮಾತು. ಆತನ ಅಪೆಂಡಿಕ್ಸನ್ನು ಮೊದಲೇ ತೆಗೆದಿದ್ದರು. ಆದ್ದರಿಂದ ಆ ಮಾದರಿಯ ದೇಹದಲ್ಲಿ ಅದು ಇಲ್ಲವೇ ಇಲ್ಲ! ಒಂದು ದೇಹವು ಎಲ್ಲ ದೇಹಗಳಲ್ಲ. ಪಿತ್ತಕೋಶಕ್ಕೆ ಹೋಗುವ ರಕ್ತನಾಳವು ಒಬ್ಬರಲ್ಲಿ ಒಂದು ದಾರಿಯಾದರೆ ಮತ್ತೊಬ್ಬರಲ್ಲಿ ಬೇರೆ. ಈ ಭೇದಗಳನ್ನು ಹಲವು ದೇಹಗಳನ್ನು ಕಂಡ ಕೈಯೇ ಬಲ್ಲುದು. 2010ರಲ್ಲಿ ಬೆಳಗಾವಿಯ ಆಯುರ್ವೇದ ಮಹಾವಿದ್ಯಾಲಯವೊಂದರಲ್ಲಿ ಶರೀರರಚನೆಯ ಅಧ್ಯಾಪಕರೊಬ್ಬರು, ಎರಡು ವರ್ಷಗಳ ಹಿಂದೆ ತೀರಿಕೊಂಡಿದ್ದ ಸ್ವಂತ ತಂದೆಯವರ ಇಚ್ಛೆಯಂತೆ, ಅವರ ದೇಹವನ್ನೇ ವಿದ್ಯಾರ್ಥಿಗಳೆದುರು ಛೇದಿಸಿ ಪಾಠ ಹೇಳಿದರು. ಅಷ್ಟು ಗಟ್ಟಿತನವನ್ನು ಎಲ್ಲರಿಂದ ಬಯಸಲಾಗದು, ನಾನೂ ಬಯಸೆನು.

ಆದಕಾರಣ ನನ್ನ ಅಭಿಪ್ರಾಯವಿಷ್ಟು: ಯಂತ್ರವು ಕೈಯನ್ನು ಪಳಗಿಸುವದು, ದೇಹವು ತಿಳಿವನ್ನು ಕೊಡುವದು, ಒಂದು ಬಂದಿತೆಂದು ಇನ್ನೊಂದನ್ನು ಕೈಬಿಡಲಾಗದು. ದಾನ ಮಾಡಬೇಕೆಂದಿರುವವರು ಬೀದರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಶರೀರರಚನಾ ವಿಭಾಗದಲ್ಲಿ ಮೊದಲು ವಿಚಾರಿಸಿ, ಬದುಕಿರುವಾಗಲೇ ಬರೆದುಕೊಟ್ಟು, ಮನೆಯವರೆಲ್ಲರ ಎದುರಿಗೆ ಅದನ್ನು ಆಡಿ ತೋರಿಸತಕ್ಕದ್ದು. ಮರಣಾನಂತರ ಕೊಡುವವರು ಮಕ್ಕಳೇ ಆದುದರಿಂದ ಅವರ ಮನಸ್ಸು ಒಪ್ಪದೆ ಕಾಗದವು ನಡೆಯದು. ಅಪಘಾತದಲ್ಲಿ ಮಡಿದು ಪೋಲೀಸ ತನಿಖೆಗೆ ಒಳಗಾದ ಶರೀರವನ್ನೂ, ಅಂಟುರೋಗದ ಶರೀರವನ್ನೂ ಸಾಮಾನ್ಯವಾಗಿ ತೆಗೆದುಕೊಳ್ಳುವದಿಲ್ಲ. ದೇಹವನ್ನು ಕೊಡಲು ಮನಸ್ಸಾಗದ ಮನೆಯವರು ಆರು ತಾಸಿನೊಳಗೆ ಕಣ್ಣುಗಳನ್ನಷ್ಟೇ ಕೊಟ್ಟು, ಉಳಿದುದನ್ನು ಎಂದಿನಂತೆ ಸಮಾಧಿ ಮಾಡಲಿಕ್ಕೂ ಯಾವ ಅಡ್ಡಿಯೂ ಇರುವದಿಲ್ಲ.