ಅಮ್ಮನೇ ಮೊದಲ ಟೀಚರ್: ಮಾಳದ ಲಕ್ಷ್ಮೀಬಾಯಿಯ ನೆನಪು

(ಬೆಳ್ಮಣ್‌ನಲ್ಲಿ ಸ್ವಸಹಾಯ ಗುಂಪುಗಳ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪಂಡಿತಾ ರಮಾಬಾಯಿಯ ಹೆಸರನ್ನು ನಿಮ್ಮಲ್ಲಿ ಕೆಲವರು ಮಕ್ಕಳ ಪಾಠಪುಸ್ತಕದಲ್ಲಿ ನೋಡಿರಬಹುದು. ಪುಣೆಯವರು, ಮುಂಬಯಿಯವರು ಎಂದು ನಾವು ತಿಳಿದಿದ್ದೇವೆ. ಆದರೆ ಅವರ ಮನೆ ನಮ್ಮ ಕಾರ್ಕಳದ ಕಡೆಯದ್ದು. ಇಲ್ಲಿಂದ ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗಿ, ಬಜಗೋಳಿ ದಾಟಿದರೆ ಮಾಳ. ಅದೇ ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರ ಊರು. ಇವತ್ತು ನಾನು ಹೇಳಲಿಕ್ಕೆ ಹೊರಟದ್ದು ರಮಾಬಾಯಿಯ ಬಗ್ಗೆ ಮಾತ್ರ ಅಲ್ಲ, ಅವರಿಗೆ ಅಕ್ಷರ ಕಲಿಸಿದ ಅಮ್ಮ ಲಕ್ಷ್ಮೀಬಾಯಿಯ ಬಗ್ಗೆ.

ಲಕ್ಷ್ಮೀಬಾಯಿಗೆ ಮದುವೆಯಾದಾಗ ವಯಸ್ಸು ಸುಮಾರು 9. ಗಂಡನಿಗೆ 40 ದಾಟಿತ್ತು. ಗೋದಾವರಿ ತೀರದಲ್ಲಿ ಇಬ್ಬರು ಯಾತ್ರಿಕರು ಮಾತಾಡಿಕೊಂಡರು, ಮರುದಿನ ಮದುವೆ ಮುಗಿಯಿತು. ಇದನ್ನು ನಾವು ಹೊಗಳಬೇಕಾಗಿಲ್ಲ. ಆ ಮಗುವಿನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಆದರೆ ಅನಂತ ಶಾಸ್ತ್ರಿಗಳಿಗೆ ಒಂದು ಹಠ ಇತ್ತು. ಪುಣೆಯಲ್ಲಿ ಓದುವಾಗ ಪೇಶ್ವೆಯ ಮನೆಯ ಹೆಂಗಸು ಸಂಸ್ಕೃತ ಕಲಿಯುವುದನ್ನು ಅವರು ಕಂಡಿದ್ದರು. ತನ್ನ ಹೆಂಡತಿಯೂ ಕಲಿಯಬೇಕು ಎಂದರು, ಕಲಿಸಿದರು. ಊರವರು ಸುಮ್ಮನಿರಲಿಲ್ಲ. ಉಡುಪಿಯಲ್ಲಿ ಪಂಡಿತರ ಮುಂದೆ ಅವರು ಉತ್ತರ ಕೊಡಬೇಕಾಯಿತು. ಹೆಣ್ಣು ಸಂಸ್ಕೃತ ಕಲಿಯಬಾರದು ಎಂದು ಶಾಸ್ತ್ರ ಹೇಳಿಲ್ಲವೆಂದು ಶಾಸ್ತ್ರದಿಂದಲೇ ತೋರಿಸಿದರು. ಕೊನೆಗೆ ಹೆಂಡತಿಯನ್ನು ಕರಕೊಂಡು ಘಟ್ಟದ ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿದರು. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು ಆ ಕಾಡಿನಲ್ಲಿ.

ಮನೆಯಲ್ಲಿ ಶಿಷ್ಯರು, ಅತಿಥಿಗಳು, ಯಾತ್ರಿಕರು. ಬಂದವರಿಗೆಲ್ಲ ಊಟ ಹಾಕಿ ಹಾಕಿ ಸಾಲ ಬೆಳೆಯಿತು. ಮಗುವಿಗೆ 6 ತಿಂಗಳಾಗುವಾಗ ಕುಟುಂಬ ಮನೆ ಬಿಟ್ಟು ತೀರ್ಥಯಾತ್ರೆಗೆ ಹೊರಟಿತು, ಮತ್ತೆ ಒಂದು ಊರು ಅಂತ ಅವರಿಗೆ ಆಗಲಿಲ್ಲ. ರಮಾಬಾಯಿ ಕಲಿಯುವ ವಯಸ್ಸಿಗೆ ಬರುವಾಗ ತಂದೆ ಮುದುಕರಾಗಿದ್ದರು. ಆಗ ಅಮ್ಮ ಟೀಚರ್ ಆದರು. ಹಗಲೆಲ್ಲ ಕೆಲಸ. ಹಾಗಾಗಿ ಬೆಳಗಿನ ಜಾವ, ಬೆಳಕು ಹರಿಯುವ ಮೊದಲು, ನಿದ್ದೆಗಣ್ಣಿನ ಮಗಳನ್ನು ಮುದ್ದು ಮಾಡಿ ಎಬ್ಬಿಸಿ ಪಾಠ ಹೇಳುತ್ತಿದ್ದರು. ಪುಸ್ತಕ ಇಲ್ಲ, ಎಲ್ಲ ಬಾಯಿಪಾಠ. ಭಾಗವತದ 18,000ದಷ್ಟು ಶ್ಲೋಕಗಳನ್ನು ಮಗಳು ಹಾಗೆಯೇ ಕಲಿತದ್ದು.

1874ರ ಹೊತ್ತಿಗೆ ಬರಗಾಲದಲ್ಲಿ ತಂದೆ ತೀರಿಕೊಂಡರು, ಸ್ವಲ್ಪ ಸಮಯದಲ್ಲಿ ಅಮ್ಮನೂ ಹೋದರು. ಹೆಣ ಹೊರಲಿಕ್ಕೆ ಜನ ಸಾಲಲಿಲ್ಲ. ನಾಲ್ಕನೆಯವಳಾಗಿ ಮಗಳೇ ಹೆಗಲು ಕೊಟ್ಟಳು. ಗಿಡ್ಡ ಇದ್ದುದರಿಂದ ತಲೆಯ ಮೇಲೆ ಹೊತ್ತಳು.

ಮುಂದಿನದ್ದು ಚರಿತ್ರೆ. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಆಮೇಲೆ ಕೇಡಗಾಂವ್‌ನಲ್ಲಿ ಮುಕ್ತಿ ಸದನ ಕಟ್ಟಿ ಬರಗಾಲಕ್ಕೆ ಸಿಕ್ಕಿದ ನೂರಾರು ಹೆಣ್ಣುಮಕ್ಕಳಿಗೆ ಅನ್ನ, ಅಕ್ಷರ, ಕಸುಬು ಕೊಟ್ಟರು. 1887ರಲ್ಲಿ ಹೊರಬಂದ ತನ್ನ ಇಂಗ್ಲಿಷ್ ಪುಸ್ತಕವನ್ನು ಅರ್ಪಿಸಿದ್ದು ಯಾರಿಗೆ? ಅಮ್ಮ ಲಕ್ಷ್ಮೀಬಾಯಿಗೆ. 1883ರಲ್ಲಿ ಕ್ರೈಸ್ತರಾಗಿದ್ದರು, ಆದರೂ ವೈದಿಕ ಮನೆಯ ಅಮ್ಮ ಕೊಟ್ಟ ವಿದ್ಯೆಯ ಋಣವನ್ನು ಮರೆಯಲಿಲ್ಲ. ಇಲ್ಲಿ ಕುಳಿತ ಎಲ್ಲ ಧರ್ಮದ ತಾಯಂದಿರೂ ಇದನ್ನು ಗಮನಿಸಬೇಕು.

ಈಗ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ರಮಾಬಾಯಿಯ ಮಗಳು ಮನೋರಮಾ ಹುಟ್ಟಿದ್ದು 1881ರಲ್ಲಿ. ಮರುವರ್ಷವೇ ಗಂಡ ಕಾಲರಾದಿಂದ ತೀರಿಕೊಂಡರು. ಮಗುವನ್ನು ಎತ್ತಿಕೊಳ್ಳಲಿಕ್ಕೆ ಅಜ್ಜಿ ಇರಲಿಲ್ಲ. ಅಮ್ಮ ಅಮೆರಿಕದಲ್ಲಿ ಊರೂರು ತಿರುಗಿ ಸಹಾಯ ಕೇಳುವಾಗ ಮಗು ಬಹುಕಾಲ ಇಂಗ್ಲೆಂಡಿನ ಸಿಸ್ಟರ್‌ಗಳ ಬಳಿ ಬೆಳೆಯಬೇಕಾಯಿತು. ಆದರೂ ಅಜ್ಜಿಯ ವಿದ್ಯೆ ಮೊಮ್ಮಗಳಿಗೆ ಬಂತು. ಮನೋರಮಾ ಶಾರದಾ ಸದನದ ಟೀಚರ್ ಆದರು, ನಮ್ಮದೇ ರಾಜ್ಯದ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, ಹುಡುಗಿಯರ ಶಾಲೆಯ ಹೊಣೆ ಹೊತ್ತರು. 1921ರಲ್ಲಿ ಮಗಳು, 1922ರ ಏಪ್ರಿಲ್ 5ರಂದು ತಾಯಿ ತೀರಿಕೊಂಡರು. ಮೂರು ತಲೆಮಾರು, ಮೂವರೂ ಟೀಚರ್‌ಗಳು.

ಸಹೋದರಿಯರೇ, 2011ರ ಜನಗಣತಿಯಲ್ಲೇ ನಮ್ಮ ಉಡುಪಿ ಜಿಲ್ಲೆಯ ಹೆಂಗಸರಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಮಂದಿಗೆ ಓದು ಬರಹ ಗೊತ್ತಿತ್ತು. ಒಳ್ಳೆಯದೇ. ಆದರೆ ಮನೆಮನೆಗೆ ಹೋದಾಗ ಏನು ಕೇಳುತ್ತೇವೆ? "ನಂಗೆ ಏನು ಗೊತ್ತುಂಟು ಸಿಸ್ಟರ್, ನಾನು ಐದನೇ ಕ್ಲಾಸು, ಬೀಡಿ ಕಟ್ಟುವವಳು." ಡಿಗ್ರಿ ಅರ್ಧಕ್ಕೆ ಬಿಟ್ಟು ಮದುವೆಯಾದ ಸೊಸೆ ಪರೀಕ್ಷೆ ಕಟ್ಟುತ್ತೇನೆ ಅಂದರೆ, "ಮಗುವನ್ನು ನೋಡುವವರು ಯಾರು?" ಅಂತ ಪ್ರಶ್ನೆ. ಅಲ್ಲಿಗೆ ಆ ಹುಡುಗಿಯ ಓದು ಮುಗಿಯಿತು.

ಹಾಗಾಗಿ ಮೂರು ವಿನಂತಿ. ಒಂದು, ದಿನಕ್ಕೆ ಅರ್ಧ ಗಂಟೆ ಟಿವಿ, ಮೊಬೈಲ್ ಬದಿಗಿಟ್ಟು ಮಗುವಿನ ಹತ್ತಿರ ಕುಳಿತುಕೊಳ್ಳಿ. ನಿಮಗೆ ಪಾಠ ಬಾರದಿದ್ದರೆ ಮಗುವಿನಿಂದ ಓದಿಸಿ ಕೇಳಿ. ಕೇಳುವವರಿದ್ದರೆ ಮಗು ಓದುತ್ತದೆ. ಎರಡು, ಅಜ್ಜಿಯಂದಿರೇ, ಸೊಸೆ ಓದುತ್ತೇನೆ, ಕೆಲಸ ಕಲಿಯುತ್ತೇನೆ ಅಂದರೆ ಮಗುವನ್ನು ನೀವು ಎತ್ತಿಕೊಳ್ಳಿ. ಲಕ್ಷ್ಮೀಬಾಯಿಗೆ ಆ ಭಾಗ್ಯ ಸಿಗಲಿಲ್ಲ, ನಿಮಗೆ ಸಿಕ್ಕಿದೆ. ಆದರೆ ಅಜ್ಜಿ ಅಂದರೆ ಸಂಬಳ ಇಲ್ಲದ ಆಯಾ ಅಲ್ಲ, ಅವರಿಗೂ ದಣಿವು ಉಂಟು ಅಂತ ಮಕ್ಕಳು ತಿಳಿಯಬೇಕು. ಮೂರು, ಗಂಡಸರಿಗೆ ಮನೆಗೆ ಹೋಗಿ ಹೇಳಿ: ಊರೇ ಎದುರು ನಿಂತರೂ ಹೆಂಡತಿಗೆ ಕಲಿಸಿದ ಒಬ್ಬ ಗಂಡ 150 ವರ್ಷಕ್ಕೂ ಹಿಂದೆ ನಮ್ಮ ಮಾಳದಲ್ಲೇ ಇದ್ದ.

ಲಕ್ಷ್ಮೀಬಾಯಿಗೆ ಶಾಲೆ ಇರಲಿಲ್ಲ, ಸಂಬಳ ಇರಲಿಲ್ಲ, ಕೊನೆಗೆ ಒಂದು ಮನೆಯೂ ಇರಲಿಲ್ಲ. ಇದ್ದದ್ದು ಬೆಳಗಿನ ಜಾವದ ಒಂದಿಷ್ಟು ಹೊತ್ತು. ಅದನ್ನು ಮಗಳಿಗೆ ಕೊಟ್ಟರು. ಅಷ್ಟು ಹೊತ್ತು ನಮ್ಮೆಲ್ಲರ ಮನೆಯಲ್ಲೂ ಉಂಟು.

ದೇವರು ನಿಮ್ಮ ಮನೆಗಳನ್ನು ಆಶೀರ್ವದಿಸಲಿ.